ಗುಂಡ್ಲುಪೇಟೆಯಲ್ಲಿ ಕೂತು ಬಾಯ್ಲರ್ ನೋಡಿದವರು

ಚಾಮರಾಜನಗರದ ಆ ಬಾಡಿಗೆ ಮನೆಗೆ ಬಂದ ಮರುದಿನ ಬೆಳಿಗ್ಗೆ ಕಾಂಪೌಂಡಿನ ಆಚೆಯಿಂದ ನನ್ನ ಕಿವಿಗೆ ಬಿದ್ದ ಮೊದಲ ಮಾತು, "ಸಗಣಿ ಹೆಂಗದ?" ಎಂಬುದು.

ನಾನು ಹಾಲು ಕಾಯಿಸುತ್ತಿದ್ದೆ. ಮಾತು ಮುಂದುವರಿಯಿತು. "ಗಟ್ಟಿಗದಾ, ನೀರಾಗದಾ? ನಿನ್ನ ಅನುಮಾನ ಕಟ್ಕಂಡು ನನಗೇನಾಗ್ಬೇಕ್ಲಾ? ಕಂಡದ್ದು ಹೇಳು ಸಾಕು. ಓಗು, ಕಿವಿ ಮುಟ್ಟಿ ನೋಡ್ಕಂಡು ಬಾ. ನಾನು ಫೋನ್ ಹಿಡ್ಕಂಡೇ ಇರ್ತೀನಿ."

ಕಿಟಕಿಯಿಂದ ಬಗ್ಗಿ ನೋಡಿದೆ. ಸೀಬೆ ಮರದ ಕೊಂಬೆಗೆ ಕನ್ನಡಿ ನೇತುಹಾಕಿಕೊಂಡು, ಅರ್ಧ ಮುಖಕ್ಕೆ ಸೋಪಿನ ನೊರೆ ಮೆತ್ತಿಕೊಂಡ ಎತ್ತರದ ಮನುಷ್ಯರೊಬ್ಬರು ಕಣ್ಣು ಮುಚ್ಚಿ ನಿಂತಿದ್ದರು. ಆ ಕಡೆಯವನು ಕೊಟ್ಟಿಗೆಗೆ ಹೋಗಿ, ಹಸುವಿನ ಕಿವಿ ಮುಟ್ಟಿ, ವಾಪಸು ಬರುವವರೆಗೂ ಅವರು ಹಾಗೇ ನಿಂತಿದ್ದರು. ನೊರೆ ಒಣಗಿ ಕೆನ್ನೆಯ ಮೇಲೆ ಬಿರುಕು ಬಿಟ್ಟಿತ್ತು.

ಹೋದ ತಿಂಗಳು ಅವರು ತೀರಿಕೊಂಡರೆಂದು ಫೋನು ಬಂದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಬಿರುಕು ಬಿಟ್ಟ ನೊರೆ.

ಪಶು ಆಸ್ಪತ್ರೆಯಲ್ಲಿ ಕಾಂಪೌಂಡರಾಗಿ ಸೇರಿ, ಚಂದಕವಾಡಿ, ಹರದನಹಳ್ಳಿ ಕಡೆಯೆಲ್ಲ ಓಡಾಡಿ ಅವರು ಆಗಷ್ಟೇ ನಿವೃತ್ತರಾಗಿದ್ದರು. ಊರಿಗೆಲ್ಲ ಅವರು ಡಾಕ್ಟ್ರೇ. ನಾನೂ ಹಾಗೇ ಕರೆದಾಗ, "ನಾನು ಡಾಕ್ಟ್ರಲ್ಲ ಕನವ್ವ, ಡಾಕ್ಟ್ರ ಹಿಂದೆ ಬ್ಯಾಗ್ ಹಿಡ್ಕಂಡು ಓಗ್ತಿದ್ದೋನು" ಎಂದರು. ಆದರೆ ಬೇರೆ ಏನೆಂದು ಕರೆಯಬೇಕೆಂದು ಹೇಳಲಿಲ್ಲ. ನಿವೃತ್ತಿಯಾದ ಮೇಲೂ ರೈತರ ಫೋನು ನಿಲ್ಲಲಿಲ್ಲ. ದೊಡ್ಡ ಕಾಯಿಲೆಯೆಂದು ಅನ್ನಿಸಿದರೆ, "ಈಗಲೇ ಆಸ್ಪತ್ರೆಗೆ ಹೇಳಿ ಕಳ್ಸು" ಎನ್ನುತ್ತಿದ್ದರು. ಉಳಿದದ್ದಕ್ಕೆಲ್ಲ ಕಣ್ಣು ಮುಚ್ಚಿ ಪ್ರಶ್ನೆ ಕೇಳುವುದು. ಒಮ್ಮೆ ಯಾರದ್ದೋ ಹಸು ನೀರು ಕುಡಿಯುವುದನ್ನೇ ಬಿಟ್ಟಿತ್ತು. ಬಾಯಿ, ನಾಲಗೆ, ಗಂಟಲು ಎಲ್ಲ ಕೇಳಿ ಮುಗಿಸಿ, "ನೀರು ಯಾತರಲ್ಲಿ ಇಡ್ತಿದ್ದೀಯ?" ಅಂದರು. ಹೊಸ ನೀಲಿ ಡ್ರಮ್ಮು ಕುಯ್ದು ತೊಟ್ಟಿ ಮಾಡಿದ್ದನಂತೆ ಆತ. "ಹಳೇ ಕಲ್ಲುತೊಟ್ಟಿಗೆ ನೀರು ತುಂಬ್ಸಿ, ನೀನು ಆ ಕಡೆ ಹೋಗ್ಬುಡು" ಎಂದು ಫೋನಿಟ್ಟರು. ಸಂಜೆ ಮತ್ತೆ ಫೋನು. ಹಸು ತೊಟ್ಟಿ ಖಾಲಿ ಮಾಡಿತ್ತು.

ಮದವೇರಿದ ಹೋರಿಗೆ ಮೂಗುದಾರ ಹಾಕುತ್ತಿದ್ದ ಈ ಮನುಷ್ಯರಿಗೆ ಹಲ್ಲಿ ಕಂಡರೆ ಆಗುತ್ತಿರಲಿಲ್ಲ. ಗೋಡೆಯ ಮೇಲೆ ಹಲ್ಲಿ ಕಂಡರೆ, "ರೀ ಟೀಚರಮ್ಮ" ಎಂದು ಕಾಂಪೌಂಡಿನ ಬಳಿ ಬಂದು ನಿಲ್ಲುತ್ತಿದ್ದರು. ನಾನು ಪೊರಕೆ ಹಿಡಿದು ಹೋಗಬೇಕಿತ್ತು. ಅವರ ಹೆಂಡತಿ ಮಹದೇವಮ್ಮನವರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ಅವರ ಬಚ್ಚಲಲ್ಲಿ ಒಂದು ತಾಮ್ರದ ಬಾಯ್ಲರ್ ಇತ್ತು. ಕೆಳಗೆ ಒಲೆ, ನಡುವೆ ಹೊಗೆ ಹೋಗುವ ಕೊಳವೆ, ಅದರ ಸುತ್ತ ನೀರು, ಮುಂದೊಂದು ಹಿತ್ತಾಳೆಯ ನಲ್ಲಿ. ಮಹದೇವಮ್ಮನವರ ಮದುವೆಯಲ್ಲಿ ಉಡಿಗಾಲ ಹಳ್ಳಿಯ ಅವರ ತಂದೆ ಕೊಟ್ಟದ್ದು. ಕೊಟ್ಟವರು ಆ ಕಡೆಯವರಾದರೂ ಅದನ್ನು ನೋಡಿಕೊಂಡವರು ಇವರು. ಬೆಳಗಿನ ಜಾವ ಎದ್ದು ಬೂದಿ ತೆಗೆಯುವುದು, ತೆಂಗಿನ ಗರಿ ಮುರಿದು ಒಲೆ ಹಚ್ಚುವುದು, ಭಾನುವಾರ ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕುವುದು, ಎಲ್ಲವೂ ಅವರದೇ. ಹೆಂಡತಿ ಎದ್ದು ಬರುವಷ್ಟರಲ್ಲಿ ನೀರು ಕಾದಿರುತ್ತಿತ್ತು. ಅಷ್ಟು ವರ್ಷದ ಸಂಸಾರದಲ್ಲಿ ಮಹದೇವಮ್ಮನವರು ಆ ಒಲೆಗೆ ಒಂದು ಕಡ್ಡಿ ಇಕ್ಕಿದವರಲ್ಲ.

ಇಷ್ಟೆಲ್ಲ ಮಾಡುವ ಮನುಷ್ಯರಿಗೆ ಮನೆಯೊಳಗೆ ಮಾತೇ ಬರುತ್ತಿರಲಿಲ್ಲ. ಅದರಲ್ಲೂ ಅವರ ಅಕ್ಕನ ಎದುರಿಗೆ.

ತಾಯಿ ಸತ್ತ ಮೇಲೆ ಅವರನ್ನು ಕೂಲಿ ಮಾಡಿ ಸಾಕಿ ಓದಿಸಿದ್ದು ಗುಂಡ್ಲುಪೇಟೆಯಲ್ಲಿದ್ದ ಈ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು, ಮಕ್ಕಳಿಲ್ಲ. ತಮ್ಮನ ಮದುವೆಯಲ್ಲಿ ಅವರಿಗೆ ಏನು ಸರಿಬರಲಿಲ್ಲವೋ, ಮನೆಗೆ ಬಂದ ತಮ್ಮನ ಹೆಂಡತಿಯನ್ನು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ. "ಆ ಉಡಿಗಾಲದೋಳು" ಎನ್ನುವುದೇ ರೂಢಿ. "ಉಡಿಗಾಲದೋಳು ಏನ್ ತಂದ್ಲು, ಒಂದು ತಾಮ್ರದ ಡಬ್ಬ" ಎಂದು ನೆಂಟರಿಷ್ಟರ ನಡುವೆ ಆಡಿದ್ದರು. ಇವರು ತಲೆ ತಗ್ಗಿಸಿ ಕೂತಿದ್ದರು.

ಮಹದೇವಮ್ಮನವರು ಇದನ್ನು ನನಗೆ ಹೇಳಿದ್ದು ಒಂದು ಮಧ್ಯಾಹ್ನ, ಅವರೆಕಾಯಿ ಸುಲಿಯುತ್ತ. "ಅವ್ರಕ್ಕ ಅಂದದ್ದು ನನಗೆ ನೋವಿಲ್ಲ ಟೀಚರಮ್ಮ. ಇವ್ರು ಒಂದ್ಸಲ 'ಹಂಗನ್ಬ್ಯಾಡ ಅಕ್ಕ' ಅಂದಿದ್ರೆ ಸಾಕಾಗಿತ್ತು. ಊರ ದನದ ನೋವೆಲ್ಲ ಫೋನಲ್ಲೇ ಗೊತ್ತಾಯ್ತದ ಇವ್ರಿಗೆ."

ಆ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಹಾಸಿಗೆ ಹಿಡಿದರು. ಚಾಮರಾಜನಗರಕ್ಕೆ ಬಾ ಎಂದರೆ ಒಲ್ಲೆನೆಂದರು. ಇವರ ಒಬ್ಬಳೇ ಮಗಳು ಮದುವೆಯಾಗಿ ಸತ್ಯಮಂಗಲದ ಕಡೆ ಇದ್ದಳು, ಬಸುರಿ ಬೇರೆ. ಕೊನೆಗೆ ಇವರೇ, "ನಾನು ಹೋಗಿ ಇರ್ತೀನಿ. ನೀನೂ ಬಾ" ಎಂದರು. ಮಹದೇವಮ್ಮನವರು ಆ ಹೊಸ್ತಿಲು ತುಳಿಯುವುದಿಲ್ಲ ಎಂದರು. ಗೋಡೆಯ ಈಚೆ ನಾನು ಪಾತ್ರೆ ತೊಳೆಯುತ್ತಿದ್ದೆ, ಎಲ್ಲವೂ ಕೇಳಿಸಿತು.

"ನನ್ನ ಸಾಕ್ದೋಳು ಕನಾ ಅವಳು."

"ಸಾಕ್ದೋರನ್ನ ನೋಡ್ಕಳ್ಳಿ, ಬ್ಯಾಡ ಅನ್ನಲ್ಲ. ನನ್ನ ಜೊತೆ ಮಾತ್ರ ಮಾತಾಡ್ಬ್ಯಾಡಿ."

ಅವರು ಒಂದು ಬ್ಯಾಗು ಹಿಡಿದು ಬಸ್ ಸ್ಟ್ಯಾಂಡಿಗೆ ನಡೆದುಹೋದರು. ಮಹದೇವಮ್ಮನವರು ಗೇಟಿನ ತನಕ ಬರಲಿಲ್ಲ.

ಅಲ್ಲಿಂದ ಮುಂದೆ ಅವರ ಫೋನು ನನಗೆ ಬರತೊಡಗಿತು. ಮೊದಲು ನನ್ನ ಸ್ಕೂಲಿನ ವಿಚಾರ, ಆಮೇಲೆ ಮಳೆಯ ವಿಚಾರ, ಕೊನೆಗೆ, "ನಿಮ್ಮ ಮಹದೇವಮ್ಮನೋರು ಉಂಡ್ರಂತಾ?" ನಾನು ಉಂಡರೆಂದರೆ, "ಹೂಂ" ಎಂದು ಇಟ್ಟುಬಿಡುವರು. ಈ ಕಡೆ ಮಹದೇವಮ್ಮನವರು ಕಾಂಪೌಂಡಿಗೆ ಒರಗಿ, "ಯಾರ್ದು ಫೋನು?" ಎಂದು ಕೇಳುವರು. ಯಾರದೆಂದು ಗೊತ್ತಿದ್ದೇ ಕೇಳುತ್ತಿದ್ದರು.

ಒಂದು ಬೆಳಿಗ್ಗೆ ಮಹದೇವಮ್ಮನವರು ಗಾಬರಿಯಿಂದ ನನ್ನನ್ನು ಕರೆದರು. ಬಾಯ್ಲರಿನ ಒಲೆಯೊಳಗೆ ತೊಟ್ಟುತೊಟ್ಟಾಗಿ ನೀರು ಬೀಳುತ್ತಿತ್ತು. ಬೂದಿಯೆಲ್ಲ ಕೆಸರು. "ಅವ್ರಿಗೆ ಫೋನ್ ಮಾಡಿ ಕೇಳಿ. ನಾನು ಕೇಳ್ದೆ ಅಂತ ಹೇಳ್ಬ್ಯಾಡಿ."

ಫೋನು ಮಾಡಿದೆ. ಅವರು ವಿಷಯವನ್ನೆಲ್ಲ ಕೇಳಿಕೊಂಡರು. ಅಲ್ಲಿ ಕಣ್ಣು ಮುಚ್ಚಿಕೊಂಡರೆಂದು ನನಗೆ ಇಲ್ಲಿ ಗೊತ್ತಾಯಿತು.

"ಒಲೆ ಹಚ್ಚೋಕೆ ಮುಂಚೆ ಸೋರ್ತದಾ, ಹಚ್ಚಿದ ಮೇಲಾ?"

ಫೋನಿನಲ್ಲಿ ಅವರ ದನಿ ಯಾವಾಗಲೂ ದೊಡ್ಡದು. ಬಚ್ಚಲ ಬಾಗಿಲಲ್ಲಿ ನಿಂತಿದ್ದ ಮಹದೇವಮ್ಮನವರು ಒಲೆಯ ಕಡೆ ನೋಡುತ್ತ, "ಹಚ್ಚಿದ ಮೇಲೆ" ಎಂದರು.

"ಹಚ್ಚಿದ ಮೇಲಂತೆ" ಎಂದೆ.

"ಕೇಳಿಸ್ತು. ನೀರು ಕಾದ ಮೇಲೂ ಸೋರ್ತದಾ?"

"ಕಾದ ಮೇಲೆ ನಿಂತೋಯ್ತದ" ಎಂದು ಒಲೆಗೆ ಹೇಳಿದರು ಮಹದೇವಮ್ಮನವರು. ನಾನು ದಾಟಿಸಿದೆ.

"ಬೀಳೋ ನೀರು ಯಾವ ಬಣ್ಣ?"

ನಾನೇ ಬಗ್ಗಿ ನೋಡಿದೆ. ಕಪ್ಪಗಿತ್ತು, ಹೊಗೆಯ ವಾಸನೆ ಹೊಡೆಯುತ್ತಿತ್ತು.

"ಸೌದೆ ಏನು ಇಕ್ಕವ್ರೆ?"

ಹಿಂದಿನ ದಿನ ಉಡಿಗಾಲದಿಂದ ಯಾರೋ ರೇಷ್ಮೆ ತೋಟದ ಕಡ್ಡಿ ತಂದು ಹಾಕಿದ್ದರು. ಮುರಿದರೆ ಹಸಿರು ಸಿಪ್ಪೆ ಸುಲಿಯುತ್ತಿತ್ತು. ಅದನ್ನು ಹೇಳಿದ ಕೂಡಲೇ ಅವರು ಜೋರಾಗಿ ನಕ್ಕರು.

"ಸೋರ್ತಾ ಇಲ್ಲ ಕನವ್ವ ಅದು, ಬೆವರ್ತಾ ಅದ! ಹಸಿ ಕಡ್ಡೀಲಿರೋ ನೀರು ಹೊಗೆ ಜೊತೆ ಮೇಲಕ್ಕೋಗಿ, ತಣ್ಣಗಿರೋ ತಾಮ್ರಕ್ಕೆ ತಗುಲಿ ಇಳೀತದ. ಕಡ್ಡಿ ಬಿಸಿಲಿಗೆ ಹಾಕಕ್ಕೆ ಹೇಳು. ಅಲ್ಲೀಗಂಟ ಅಟ್ಟದ ಮೇಲಿರೋ ಗರಿ ಇಕ್ಲಿ. ಬಾಯ್ಲರ್‌ಗೆ ಏನೂ ಆಗಿಲ್ಲ, ಗಾಬರಿ ಬ್ಯಾಡ."

ಮಹದೇವಮ್ಮನವರು ಮುಖ ಆ ಕಡೆ ತಿರುಗಿಸಿದರು. "ಗಾಬರಿ ಯಾರಿಗಾಗಿತ್ತು?" ಎಂದರು ಒಲೆಗೇ.

ಮರುದಿನ ಒಣಗರಿ ಇಕ್ಕಿದಾಗ ಒಂದು ತೊಟ್ಟೂ ಬೀಳಲಿಲ್ಲ.

ನಿಜವಾಗಿ ಸೋರಿದ್ದು ಕೆಲವು ತಿಂಗಳ ಮೇಲೆ. ಈ ಸಲ ಒಲೆ ಹಚ್ಚದಿದ್ದರೂ ಬಚ್ಚಲ ನೆಲದಲ್ಲಿ ನೀರು ನಿಲ್ಲುತ್ತಿತ್ತು, ತಿಳಿನೀರು. ಪೇಟೆಯಿಂದ ಪಾತ್ರೆ ರಿಪೇರಿಯವನು ಬಂದು ತಟ್ಟಿ ನೋಡಿ, ತಳವೇ ಹೋಗಿದೆ, ಗುಜರಿಗೆ ಹಾಕಿ ಗೀಸರ್ ಹಾಕಿಸಿಕೊಳ್ಳಿ ಎಂದುಬಿಟ್ಟ. ಮಹದೇವಮ್ಮನವರು ಅಂದು ಊಟ ಮಾಡಲಿಲ್ಲ. ಅಪ್ಪ ಕೊಟ್ಟದ್ದು ಅದೊಂದೇ ಉಳಿದಿತ್ತು. ಅದೊಂದನ್ನೇ ಅಲ್ಲವೇ ಆ ಅಕ್ಕ ಡಬ್ಬ ಎಂದದ್ದು. ಸಂಜೆ ನಾನು ಸ್ಕೂಲಿನಿಂದ ಬಂದಾಗ ಗೇಟಿನಲ್ಲೇ ನಿಂತಿದ್ದರು. "ಫೋನ್ ಮಾಡಿ" ಎಂದರು. ನಾನು ಕೇಳ್ದೆ ಅಂತ ಹೇಳ್ಬ್ಯಾಡಿ ಎಂಬ ಮಾತು ಈ ಸಲ ಬರಲಿಲ್ಲ.

"ಎಲ್ಲಿ ಸೋರ್ತದ?" ಎಂದರು ಅವರು.

"ಕೆಳಗಡೆ ಎಲ್ಲೋ ಡಾಕ್ಟ್ರೇ."

"ಎಲ್ಲೋ ಅಂದ್ರೆ ಏನಮ್ಮ? ಕಂಡದ್ದು ಹೇಳು."

"ತಳದ ಸುತ್ತ ಎಲ್ಲ ಒದ್ದೆ."

"ನೀರು ಇಳಿಯೋದೇ ತಳಕ್ಕೆ. ಎಲ್ಲಿಂದ ಹೊರಡ್ತದ ಅಂತ ನೋಡ್ಬೇಕು. ನೀರೆಲ್ಲ ಖಾಲಿ ಮಾಡ್ಸು. ಬಟ್ಟೇಲಿ ಚೆನ್ನಾಗಿ ಒರೆಸಿ, ಒಣಗಿದ ಬೂದಿ ಜರಡಿ ಹಿಡಿದು ಹೊರಗಡೆ ಎಲ್ಲ ತೆಳ್ಳಗೆ ಬಳೀರಿ. ಆಮೇಲೆ ವಸಿವಸಿ ನೀರು ತುಂಬ್ತಾ ಬನ್ನಿ. ಬೂದಿ ಮೊದಲು ಎಲ್ಲಿ ಕಪ್ಪಾಯ್ತದೋ ಅದೇ ಜಾಗ."

ಮಹದೇವಮ್ಮನವರು ಸೆರಗು ಸಿಕ್ಕಿಸಿ ಕೂತರು. ಮಗುವಿಗೆ ಪೌಡರ್ ಹಾಕುವ ಹಾಗೆ ಬಾಯ್ಲರಿಗೆ ಬೂದಿ ಬಳಿದರು. ನಾನು ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಚೊಂಬು ಹಿಡಿದು ಮೇಲಿನಿಂದ ನೀರು ಹುಯ್ಯುತ್ತಿದ್ದೆ. ತಳ ಮುಚ್ಚುವಷ್ಟು ನೀರಾಯಿತು. ಬೂದಿ ಬೆಳ್ಳಗೇ ಇತ್ತು. "ತಳ ಹೋಗಿಲ್ಲ, ಆ ರಿಪೇರಿಯವನು ಸುಮ್ಕೆ ಹೇಳವ್ನೆ" ಎಂದರು ಫೋನಿನಲ್ಲಿ. ಇನ್ನಷ್ಟು ಹುಯ್ದೆ. ನಲ್ಲಿಯ ಮಟ್ಟಕ್ಕೆ ಬಂದಾಗ ಏನೋ ಕಪ್ಪಗೆ ಕಂಡ ಹಾಗಾಯಿತು.

"ಡಾಕ್ಟ್ರೇ, ಮುಂದೆ ಒಂದು ಕಡೆ ಕಪ್ಪಗಾಯ್ತು, ಮಧ್ಯದಲ್ಲಿ, ಅಂದರೆ ಸ್ವಲ್ಪ ಪಕ್ಕಕ್ಕೆ..."

"ಯಾವ ಪಕ್ಕಕ್ಕೆ? ಯಾವುದರ ಮಧ್ಯ?"

ಮಹದೇವಮ್ಮನವರು ಬೂದಿ ಕೈಯಲ್ಲೇ ನನ್ನ ಕೈಯಿಂದ ಫೋನು ಕಿತ್ತುಕೊಂಡರು. "ನಲ್ಲಿ ಬುಡದಲ್ಲಿ ರೀ! ನಲ್ಲಿ ಬೆಸುಗೆ ಹಾಕಿರೋ ಕಡೆ! ಅಲ್ಲಿಂದ ಹೊಂಟು ಅಂಚು ಹಿಡ್ಕಂಡು ತಳಕ್ಕೆ ಇಳೀತದ!"

ತಾವು ಗಂಡನೊಡನೆ ನೇರ ಮಾತಾಡಿಬಿಟ್ಟದ್ದು ಮಹದೇವಮ್ಮನವರಿಗೆ ಆಗ ತಿಳಿಯಿತೆಂದು ಕಾಣುತ್ತದೆ, ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದರು.

"ಎಡಗಡೆಗಾ, ಬಲಗಡೆಗಾ?" ಎಂದಿತು ಅವರ ದನಿ. ಮೆತ್ತಗಾಗಿತ್ತು.

"ಎಡಗಡೆ. ನೀವು ದಿನಾ ಬಕೆಟ್ ತಂದು ಕುಟ್ಟುತಿದ್ರಲ್ಲ, ಆ ಕಡೆ."

"ನಾನೆಲ್ಲಿ ಕುಟ್ಟುತಿದ್ದೆ?"

"ಕುಟ್ಟುತಿದ್ರಿ. ಮಲ್ಗಿದ್ದೋಳಿಗೆ ಕೇಳುಸ್ತಿತ್ತು ನನಗೆ."

"ಕೇಳುಸ್ತಿದ್ರೆ ಹೇಳ್ಬೇಕಾಗಿತ್ತು."

"ಹೇಳಿದ್ರೆ ಕೇಳೋರಾ ನೀವು?"

ನಾನು ಚೊಂಬು ಕೆಳಗಿಟ್ಟು ಹೊರಗೆ ಬಂದೆ. ಒಳಗೆ ಜಗಳ ಬಹಳ ಹೊತ್ತು ನಡೆಯಿತು. ಅಷ್ಟು ಹಿತವಾದ ಜಗಳವನ್ನು ನಾನು ಆಮೇಲೆ ಕೇಳಿಲ್ಲ.

ಮರುದಿನ ಅದೇ ರಿಪೇರಿಯವನು ಬಂದು ನಲ್ಲಿಯ ಬುಡಕ್ಕೆ ಹೊಸದಾಗಿ ಬೆಸುಗೆ ಹಾಕಿದ. ಬಾಯ್ಲರ್ ಒಣಗಿ ನಿಂತಿತು. ಆದರೆ ದಿನಾ ಬೆಳಿಗ್ಗೆ ಹಾಲಿನವನು ಬಂದು ಹೋಗುವ ಹೊತ್ತಿಗೆ ಮಹದೇವಮ್ಮನವರ ಸ್ವಂತ ಫೋನು ಹೊಡೆದುಕೊಳ್ಳತೊಡಗಿತು. ಅವರು ಹಿತ್ತಿಲಿಗೆ ಬಂದು ಮಾತಾಡುವರು. "ಇನ್ನೂ ವಸಿ ಜಿನುಗ್ತದ." ಇನ್ನೊಂದು ದಿನ, "ನೆನ್ನೆಗಿಂತ ಕಮ್ಮಿ. ಆದ್ರೂ ಅದ." ನಾನು ಅವರ ಬಚ್ಚಲಿಗೆ ಎಷ್ಟೋ ಸಲ ಹೋಗಿದ್ದೇನೆ. ನೆಲ ಒಣಗಿ ಸಿಮೆಂಟು ಬಿಳುಪಾಗಿತ್ತು. ನಾನು ನೋಡಿದ್ದು ಅವರಿಗೂ ಗೊತ್ತಾಯಿತು.

ಆ ಬೇಸಿಗೆಯಲ್ಲಿ ನಮ್ಮ ಸಂಬಂಧಿಕರ ಮದುವೆಗೆಂದು ಗುಂಡ್ಲುಪೇಟೆಗೆ ಹೋದವಳು ಡಾಕ್ಟ್ರನ್ನು ನೋಡಿ ಬರೋಣವೆಂದು ಹುಡುಕಿಕೊಂಡು ಹೋದೆ. ಎರಡು ಕೋಣೆಯ ಹೆಂಚಿನ ಮನೆ. ಅವರು ಬಹಳ ಇಳಿದುಹೋಗಿದ್ದರು. ಅಕ್ಕ ಒಳಗೆ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಗ್ಯಾಸಿನ ಮೇಲೆ ಅಲ್ಯೂಮಿನಿಯಂ ಪಾತ್ರೆಯಲ್ಲಿ ನೀರು ಕಾಯುತ್ತಿತ್ತು. ಆ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಒಳಗೂ ಹೊರಗೂ ಎತ್ತಾಡಿ ಅವರ ಮುಂಗೈ ಸುಟ್ಟು ಕಪ್ಪಾಗಿತ್ತು.

ಅಂಗಳದಲ್ಲಿ ಕೂತು ಮೆಲ್ಲಗೆ ಹೇಳಿದರು. "ಊಟ ಮಾಡ್ಸೋದು, ಮಗ್ಗುಲು ಬದಲಾಯ್ಸೋದು ಎಲ್ಲ ಆಯ್ತದ. ಸ್ನಾನದ್ದೇ ಕಷ್ಟ ಟೀಚರಮ್ಮ. ಪಕ್ಕದ ಮನೆ ಹೆಂಗಸು ಬಂದ್ರೆ ಅಕ್ಕ ಒಲ್ಲೆ ಅಂತಾಳ. ನಾನು ಮಾಡ್ಸಿದ್ರೆ ಕಣ್ಣೀರು ಹಾಕ್ತಾಳ. ಎಷ್ಟೇ ಆದ್ರೂ ತಮ್ಮ. ದನಕ್ಕಾದ್ರೆ ಹೆಂಗೋ ಮಾಡ್ಬುಡ್ತಿದ್ದೆ."

ಮಾತು ಬದಲಿಸಲೆಂದು ನಾನು, "ಬಾಯ್ಲರ್ ಇನ್ನೂ ಜಿನುಗುತ್ತಂತೆ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಬೆಸುಗೆ ಹಾಕಿದ ದಿನ ಸಂಜೇನೇ ರಿಪೇರಿಯವನು ನನಗೆ ಫೋನ್ ಮಾಡಿದ್ದ. ಒಂದು ತೊಟ್ಟು ನೀರೂ ಬರ್ತಿಲ್ಲ ಅಂತ."

"ಮತ್ತೆ ದಿನಾ ಕೇಳ್ತೀರಲ್ಲ ಡಾಕ್ಟ್ರೇ?"

"ನಾನು ಕೇಳ್ದಿದ್ರೆ ಅವಳು ಹೇಳೋದು ಹೆಂಗೆ?" ಎಂದರು.

ಊರಿಗೆ ಬಂದು ಮಹದೇವಮ್ಮನವರಿಗೆ ಆ ಅಲ್ಯೂಮಿನಿಯಂ ಪಾತ್ರೆಯ ವಿಚಾರ ಹೇಳಿದೆ. ಸ್ನಾನದ ವಿಚಾರ ಹೇಳಿದೆ. ಸುಟ್ಟ ಮುಂಗೈಯದನ್ನೂ ಹೇಳಿದೆ. ಉಳಿದದ್ದನ್ನು ಹೇಳಲಿಲ್ಲ. ಅವರು ಕೇಳಿಕೊಂಡು ಎದ್ದು ಒಳಗೆ ಹೋದರು. ಎರಡು ಮೂರು ದಿನ ಕಾಂಪೌಂಡಿನ ಹತ್ತಿರ ಬರಲಿಲ್ಲ. ಅವರ ಮನಸ್ಸು ನೋಯಿಸಿದೆನೋ ಎಂದು ನನಗೆ ಕಸಿವಿಸಿಯಾಯಿತು.

ಭಾನುವಾರ ಬೆಳಿಗ್ಗೆ ಅವರ ಗೇಟಿನ ಮುಂದೆ ಒಂದು ಲಗೇಜ್ ಆಟೋ ನಿಂತಿತ್ತು. ಹಿಂದುಗಡೆ ಬಾಯ್ಲರನ್ನು ಹಳೆಯ ಜಮಖಾನೆಯಲ್ಲಿ ಸುತ್ತಿ ಹಗ್ಗದಿಂದ ಬಿಗಿದಿದ್ದರು. ಹುಣಸೆಹಣ್ಣಿನಲ್ಲಿ ತಿಕ್ಕಿದ ತಾಮ್ರ ಜಮಖಾನೆಯ ಸಂದಿಯಿಂದ ಹೊಳೆಯುತ್ತಿತ್ತು. ಪಕ್ಕದಲ್ಲಿ ಒಂದು ಕಟ್ಟು ಒಣಗರಿ. ಮಹದೇವಮ್ಮನವರು ಒಳ್ಳೆಯ ಸೀರೆ ಉಟ್ಟು, ಮನೆಗೆ ಬೀಗ ಹಾಕಿ, ಬೀಗದ ಕೈ ನನ್ನ ಕೈಗಿಟ್ಟರು.

"ಬಾಯ್ಲರ್ ಕಳಿಸ್ತಿದ್ದೀರಾ?" ಎಂದೆ, ಏನು ಹೇಳಬೇಕೆಂದು ತೋಚದೆ.

"ಕಳ್ಸಿದ್ರೆ ಅಲ್ಲಿ ಹಚ್ಚೋರ್ಯಾರು? ಅವ್ರು ಬಕೆಟ್ ಕುಟ್ಟಿ ಕುಟ್ಟಿ ಮತ್ತೆ ಸೋರುಸ್ತಾರ" ಎಂದು ಡ್ರೈವರಿನ ಪಕ್ಕ ಹತ್ತಿ ಕೂತರು. ಆಟೋ ತೆರಕಣಾಂಬಿ ರಸ್ತೆ ಹಿಡಿಯಿತು.

ಆ ಅಕ್ಕ ಅದಾದ ಮೇಲೆ ಒಂದೆರಡು ವರ್ಷ ಬದುಕಿದ್ದರು. ಅವರು ಹೋದ ಮೇಲೂ ಇವರಿಬ್ಬರು ಗುಂಡ್ಲುಪೇಟೆಯಲ್ಲೇ ಉಳಿದರು. ನನಗೂ ಬೇರೆ ಊರಿಗೆ ವರ್ಗವಾಯಿತು. ಹಬ್ಬಕ್ಕೆ ಫೋನು ಮಾಡಿದರೆ ಅವರು, "ಮನೇಲಿ ಹಲ್ಲಿ ಅವಾ ಟೀಚರಮ್ಮ?" ಎಂದು ಶುರುಮಾಡುತ್ತಿದ್ದರು. ಹೋದ ತಿಂಗಳು ಒಂದು ಬೆಳಿಗ್ಗೆ ಯಾವುದೋ ಹಳ್ಳಿಯವನ ಕರುವಿನ ವಿಚಾರ ಫೋನಿನಲ್ಲಿ ಕೇಳುತ್ತಿದ್ದವರು ಹಾಗೇ ಗೋಡೆಗೆ ಒರಗಿದರಂತೆ.

ತಿಥಿಗೆ ಹೋದೆ. ಊಟವಾಗಿ ಜನ ಚದುರಿದ ಮೇಲೆ ಮಹದೇವಮ್ಮನವರು ಹಿತ್ತಿಲ ಜಗಲಿಯಲ್ಲಿ ನನ್ನ ಪಕ್ಕ ಬಂದು ಕೂತರು. ಅತ್ತು ಮುಗಿಸಿದ ಮುಖ. ನಾನು ಕೇಳದೆಯೇ ಆಟೋದಲ್ಲಿ ಬಂದ ಆ ಭಾನುವಾರದ ಮಾತು ತೆಗೆದರು.

"ಅವತ್ತು ಇವ್ರು ಬಾಗ್ಲಲ್ಲೇ ನಿಂತಿದ್ರು ಟೀಚರಮ್ಮ. ನನ್ನ ನೋಡಿದ್ರು, ಬಾ ಅನ್ನಲಿಲ್ಲ. ಡ್ರೈವರ್ ಜೊತೆ ಸೇರ್ಕಂಡು ಬಾಯ್ಲರ್ ಇಳಿಸ್ಕಂಡ್ರು. ನಾನು ಹೊಸ್ತಿಲಿಂದ ಈಚೆಗೆ ನಿಂತ್ಕಂಡೆ. ಒಳಗಿಂದ ಅವ್ರಕ್ಕ, 'ಯಾರ್ಲಾ ಬಂದಿರೋದು?' ಅಂದ್ರು. ಇವ್ರು ಏನಂತಾರೆ ಅಂತ ನಾನು ಕಾಯ್ತಿದ್ದೆ. ಉಡಿಗಾಲದೋಳು ಅಂದಿದ್ರೆ ಅದೇ ಆಟೋ ಹತ್ಬುಡ್ತಿದ್ದೆ. ದೇವ್ರಾಣೆ ಹತ್ಬುಡ್ತಿದ್ದೆ."

"ಏನಂದರು?"

"ನಮ್ಮೋಳು ಬಂದವ್ಳೆ ಕನಕ್ಕ, ಅಂದ್ರು." ಮಹದೇವಮ್ಮನವರು ಮತ್ತೆ ಹೇಳಿದರು. "ನಮ್ಮೋಳು ಅಂದ್ರು. ಗಟ್ಟಿಯಾಗಿ, ಫೋನಲ್ಲಿ ಮಾತಾಡ್ತಿದ್ರಲ್ಲ, ಹಂಗೆ. ಬೀದಿಗೆಲ್ಲ ಕೇಳಿಸ್ತು."

"ಅವರ ಅಕ್ಕ ಏನಂದರು?"

"ವಸಿ ಹೊತ್ತು ಬುಟ್ಟು, 'ಬಾಗ್ಲಲ್ಲಿ ಯಾಕ್ ನಿಲ್ಸಿದ್ದೀಯಾ, ಒಳಕ್ಕೆ ಕರಿ ಮತ್ತೆ' ಅಂದ್ರು." ಅವರು ಸೆರಗಿನಿಂದ ಮೂಗು ಒರೆಸಿಕೊಂಡು ನಕ್ಕರು. "ಅಷ್ಟೊತ್ಗೆ ನಾನು ಒಳಕ್ಕೆ ಹೋಗ್ಬುಟ್ಟಿದ್ದೆ."